ಲಕೋಟೆಯ ಒಳಗಿನ ಅಸ್ತರು



2025ರ ಫೆಬ್ರುವರಿಯಲ್ಲಿ ನಡೆದ ನನ್ನ ಮೊಮ್ಮಗಳ ಮದುವೆಯ ಆಮಂತ್ರಣ ಪತ್ರಿಕೆ ನಿಮ್ಮಲ್ಲಿ ಕೆಲವರಿಗೆ ಅಂಚೆಯ ಮೂಲಕವೂ ಉಳಿದವರಿಗೆ ಮೊಬೈಲಿನ ಮೂಲಕವೂ ತಲುಪಿತು. ಅಂಚೆಯಲ್ಲಿ ಪಡೆದವರು ಮದುವೆಯ ಊಟವನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ಲಕೋಟೆಯನ್ನೇ ಹೊಗಳಿದರು. "ಟೀಚರ್, ಕವರಿನ ಒಳಗೆ ರಂಗೋಲಿಯ ಕಾಗದವಿದೆಯಲ್ಲ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅದು ಅಂಗಡಿಯಲ್ಲಿ ಕೊಂಡದ್ದಲ್ಲ, ನಮ್ಮ ಮನೆಯ ಊಟದ ಮೇಜಿನ ಮೇಲೆ ಮಾಡಿದ್ದು. ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ವಿವರಿಸಿ ದಣಿಯುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸೆಂದು ತೋರಿತು. ಬರೆಯಲು ಕುಳಿತ ಮೇಲೆ, ಮಾಡುವ ವಿಧಾನದ ಜೊತೆಗೆ ಅದನ್ನು ನನಗೆ ಕಲಿಸಿದವರ ವಿಷಯವನ್ನೂ ಹೇಳದಿದ್ದರೆ ಬರಹ ಅರ್ಧವಾಗುತ್ತದೆ ಎನ್ನಿಸಿತು.

ಮೊದಲು ಹೆಸರು. ಕೋಟಿಗೋ ರವಿಕೆಗೋ ಒಳಮೈಯಲ್ಲಿ ಕೊಡುವ ಬಟ್ಟೆಯನ್ನು ಹಿಂದಿನವರು ಅಸ್ತರು ಎನ್ನುತ್ತಿದ್ದರು. ಈಗಿನ ದರ್ಜಿಗಳು ಲೈನಿಂಗ್ ಎನ್ನುತ್ತಾರೆ. ಲಕೋಟೆಯ ಒಳಮೈಗೆ, ಅದರ ಮುಚ್ಚಳವೂ ಸೇರುವಂತೆ, ಕೊಡುವ ಬಣ್ಣದ ಕಾಗದವೂ ಅಂಥದೇ. ಆದ್ದರಿಂದ ನಾನು ಅದನ್ನು ಲಕೋಟೆಯ ಅಸ್ತರು ಎಂದೇ ಕರೆಯುತ್ತೇನೆ.

ಇದು ಕೇವಲ ಅಲಂಕಾರವಲ್ಲ. ಇಂಗ್ಲೆಂಡಿನಲ್ಲಿ 1840ಕ್ಕೆ ಮುಂಚೆ ಅಂಚೆಯ ದರವನ್ನು ಹಾಳೆಗಳ ಎಣಿಕೆಯ ಮೇಲೆ ಮತ್ತು ದೂರದ ಮೇಲೆ ಲೆಕ್ಕ ಹಾಕುತ್ತಿದ್ದರು. ಲಕೋಟೆಯೂ ಒಂದು ಹಾಳೆಯೆಂದೇ ಎಣಿಕೆಯಾಗುತ್ತಿದ್ದುದರಿಂದ ಬಹುತೇಕ ಜನ ಬರೆದ ಹಾಳೆಯನ್ನೇ ಮಡಿಸಿ, ಅರಗಿನ ಮುದ್ರೆಯೊತ್ತಿ, ಅದರ ಬೆನ್ನಿಗೇ ವಿಳಾಸ ಬರೆದು ಕಳುಹಿಸುತ್ತಿದ್ದರು. 1840ರಲ್ಲಿ ಪೆನ್ನಿ ಅಂಚೆ ಬಂದು ತೂಕದ ಮೇಲೆ ದರ ನಿಗದಿಯಾದ ಬಳಿಕ ಲಕೋಟೆ ಎಲ್ಲರ ಕೈಗೂ ಬಂದಿತು. ಆದರೆ ಕಾಗದ ತೆಳ್ಳಗಿದ್ದರೆ ದೀಪದ ಮುಂದೆ ಹಿಡಿದಾಗ ಒಳಗಿನ ಅಕ್ಷರ ಹೊರಗೆ ಕಾಣುತ್ತದೆ. ಒಳಗೊಂದು ಪದರ ಕೊಟ್ಟರೆ ಕಾಣುವುದಿಲ್ಲ. ಬ್ಯಾಂಕಿನಿಂದ ಬರುವ ಲಕೋಟೆಗಳ ಒಳಮೈಯಲ್ಲಿ ಒತ್ತೊತ್ತಾದ ನೀಲಿ ಗೆರೆಗಳನ್ನು ನೀವು ನೋಡಿರಬಹುದು. ಅದರ ಉದ್ದೇಶವೂ ಇದೇ. ಮರೆಮಾಡುವ ಕೆಲಸಕ್ಕೆಂದು ಬಂದ ಪದರಕ್ಕೆ ಚೆಂದವೂ ಇರಲಿ ಎಂದು ಬಣ್ಣ ಸೇರಿತು.

ನಮ್ಮ ಮನೆಗಳಿಗೆ ಬರುತ್ತಿದ್ದ ಕಾಗದಗಳಲ್ಲಿ ಗುಟ್ಟಿನ ಮೂರು ಮೆಟ್ಟಿಲುಗಳಿದ್ದವು. 1879ರಲ್ಲಿ ಕಾಲಾಣೆಗೆ ಹೊರಟ ಅಂಚೆ ಕಾರ್ಡು ಊರೆಲ್ಲ ಓದಬಹುದಾದದ್ದು. 1950ರಲ್ಲಿ ಬಂದ ನೀಲಿ ಇನ್ಲ್ಯಾಂಡ್ ಪತ್ರ ಅರ್ಧ ಗುಟ್ಟಿನದು. ಅಂಟಿಸದ ಬದಿಯಿಂದ ಒಂದು ಕಣ್ಣು ಮುಚ್ಚಿ ಇಣುಕಿ ನೋಡಿದರೆ ನಾಲ್ಕಾರು ಸಾಲು ದಕ್ಕುತ್ತಿದ್ದವು. ಅಂಟಿಸಿದ ಲಕೋಟೆ ಪೂರ್ಣ ಗುಟ್ಟಿನದು. ಇವುಗಳ ನಡುವೆ ಲಗ್ನಪತ್ರಿಕೆಯದು ಒಂದು ವಿಚಿತ್ರ ಸ್ಥಾನ. ಕಡಿಮೆ ದರದ ಬುಕ್ ಪೋಸ್ಟಿನಲ್ಲಿ ಹೋಗಬೇಕಾದರೆ ಲಕೋಟೆಯನ್ನು ಅಂಟಿಸುವಂತಿರಲಿಲ್ಲ. ಮುಚ್ಚಳವನ್ನು ಒಳಕ್ಕೆ ಸಿಕ್ಕಿಸಿ ಕಳುಹಿಸುತ್ತಿದ್ದರು. ಅದನ್ನು ಹೊರಕ್ಕೆಳೆಯುವ ಕ್ಷಣದಲ್ಲಿ ಕಣ್ಣಿಗೆ ಮೊದಲು ಬೀಳುವುದು ಮುಚ್ಚಳದ ಒಳಮೈ. ಆ ಜಾಗವನ್ನು ನಮ್ಮ ಮನೆಯಲ್ಲಿ ಮೊದಲು ಗಮನಿಸಿದವರು ನಮ್ಮ ದೊಡ್ಡತ್ತೆ.

ದೊಡ್ಡತ್ತೆ ನನ್ನ ತಂದೆಯ ಅಕ್ಕ. ಹಳೆಯ ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವ ಕಾನೂನು 1894ರಲ್ಲಿಯೇ ಬಂದಿತ್ತು. ಮದುವೆಯಾದಾಗ ದೊಡ್ಡತ್ತೆಗೆ ಒಂಬತ್ತು. ಹೀಗಾಗಿ ಕಾನೂನು ಅವರ ವಿಷಯದಲ್ಲಿ ಹೇಳುವುದೇನೂ ಉಳಿದಿರಲಿಲ್ಲ. ಹದಿಮೂರಕ್ಕೆ ಗಂಡ ತೀರಿಕೊಂಡರು. ತವರಿಗೆ ಬಂದವರು ಹಾಸನ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿಯೇ ಬದುಕು ಸವೆಸಿ 1981ರಲ್ಲಿ ಕಣ್ಮುಚ್ಚಿದರು. ಅವರಿಗೆ ಓದು ಬರಹ ಕಲಿಸಿದವರು ನನ್ನ ತಂದೆ. ನಮಗೆಲ್ಲ ಕೂಡುವ ಕಳೆಯುವ ಲೆಕ್ಕವನ್ನು ಹುಣಿಸೆ ಬೀಜದಲ್ಲಿ ಕಲಿಸಿದವರು ದೊಡ್ಡತ್ತೆ. ಮುಂದೆ ನಾನು ಗಣಿತದ ಶಿಕ್ಷಕಿಯಾದುದಕ್ಕೆ ಆ ಬೀಜಗಳೇ ಬೀಜವೆಂದರೆ ಉತ್ಪ್ರೇಕ್ಷೆಯಲ್ಲ.

1966ರಲ್ಲಿ ನನ್ನ ಅಕ್ಕನ ಮದುವೆ ನಿಶ್ಚಯವಾಯಿತು. ಆಗ ನನಗೆ ಹದಿನಾರು. ಹಾಸನದ ಮುದ್ರಣಾಲಯದಿಂದ ನೂರೈವತ್ತು ಲಗ್ನಪತ್ರಿಕೆಗಳು ಬಂದವು. ಜೊತೆಗೆ ಕೆನೆ ಬಣ್ಣದ ತೆಳು ಲಕೋಟೆಗಳು. ಎಷ್ಟು ತೆಳು ಎಂದರೆ ಹೊರಗಿನಿಂದಲೇ ವರನ ಹೆಸರನ್ನು ಓದಬಹುದಾಗಿತ್ತು. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಅನಂತರ ವಿಳಾಸ ಬರೆಯುವುದು ಪದ್ಧತಿ. ಅಮ್ಮ ಮತ್ತು ಚಿಕ್ಕಮ್ಮಂದಿರು ನಡುಮನೆಯಲ್ಲಿ ಚಾಪೆ ಹಾಸಿ ಅರಿಶಿನದ ಬಟ್ಟಲಿನೊಡನೆ ಕುಳಿತರು. ದೊಡ್ಡತ್ತೆ ಅಲ್ಲಿರಲಿಲ್ಲ. ಅವರನ್ನು ಯಾರೂ ಎದ್ದು ಹೋಗೆಂದು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಬಾರದಂತೆ ಅವರು ಬದುಕಿದ್ದರು. ಹೊಸ ಸೀರೆಯ ಗಂಟು ಬಿಚ್ಚುವಾಗ, ಹಸೆ ಬರೆಯುವಾಗ, ಬಾಗಿಲಿಗೆ ತೋರಣ ಕಟ್ಟುವಾಗ ಅವರಿಗೆ ಅಡಿಗೆಮನೆಯಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು.

ಅಂದು ರಾತ್ರಿ ಅವರು ನನ್ನನ್ನು ಕರೆದು, "ಗಣಪತಿ ಮಂಟಪಕ್ಕೆ ತಂದಿದ್ದ ಬಣ್ಣದ ಕಾಗದ ಉಳಿದಿದೆಯಲ್ಲ, ತಗೊಂಡು ಬಾ" ಎಂದರು. ಗಾಳಿಪಟಕ್ಕೆ ಬಳಸುವ ತೆಳು ಕಾಗದ. ನೇರಳೆ ಬಣ್ಣದ್ದು ಹೆಚ್ಚು ಉಳಿದಿತ್ತು. ಒಂದು ಲಕೋಟೆಯ ಅಳತೆಗೆ ಹಳೆಯ ಪಂಚಾಂಗದ ರಟ್ಟನ್ನು ಕತ್ತರಿಸಿಕೊಂಡು, ಅದನ್ನಿಟ್ಟು ಬಣ್ಣದ ಕಾಗದವನ್ನು ಕತ್ತರಿಸತೊಡಗಿದರು. ಮುಚ್ಚಳಕ್ಕೆ ಬರುವ ಭಾಗವನ್ನು ನಡುವೆ ಒಂದೇ ಬಿಂದುವಿಗೆ ಸೇರುವಂತೆ ಮೂರು ಬಾರಿ ಮಡಿಸಿ, ಎರಡೂ ಅಂಚಿನಲ್ಲಿ ಅರ್ಧ ಅರ್ಧ ಎಸಳು ಕತ್ತರಿಸಿದರು. ಬಿಡಿಸಿದಾಗ ಎಂಟೆಸಳಿನ ಹೂವು. ಎರಡನ್ನು ಮೂರು ಸಲ ಗುಣಿಸಿದರೆ ಎಂಟಾಗುವುದನ್ನು ನಾನು ಕಣ್ಣಾರೆ ಕಂಡದ್ದು ಆ ರಾತ್ರಿಯೇ. ನೇರಳೆಯ ಕಂಡಿಯಲ್ಲಿ ಲಕೋಟೆಯ ಕೆನೆ ಬಣ್ಣ ಇಣುಕಿದಾಗ ಹೂವು ಎದ್ದು ಕಾಣುತ್ತಿತ್ತು.

ನೋಡಿದ ಚಿಕ್ಕಮ್ಮ ಅನುಮಾನಿಸಿದರು. ಲಗ್ನಪತ್ರಿಕೆಯ ಕೆಲಸಕ್ಕೆ ದೊಡ್ಡತ್ತೆ ಕೈಹಾಕಬಹುದೇ? ಪುರೋಹಿತರನ್ನು ಕೇಳಿದರು. ಅವರು ಬಹಳ ಹೊತ್ತು ಯೋಚಿಸಿ, ಲಕೋಟೆಯ ಒಳಗಿನ ಕಾಗದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲವಲ್ಲ ಎಂದರು. ದೊಡ್ಡತ್ತೆಗೆ ಅಷ್ಟೇ ಸಾಕಾಗಿತ್ತು. ಅರಿಶಿನಕ್ಕೆ ನಿಯಮವಿತ್ತು, ಹಸೆಗೆ ನಿಯಮವಿತ್ತು, ಅಕ್ಷತೆಗೆ ನಿಯಮವಿತ್ತು. ಅಸ್ತರಿಗೆ ಯಾರೂ ಇನ್ನೂ ನಿಯಮ ಮಾಡಿರಲಿಲ್ಲ. ನಾಲ್ಕು ರಾತ್ರಿ ಲಾಂದ್ರದ ಬೆಳಕಿನಲ್ಲಿ ಕುಳಿತು ನೂರೈವತ್ತನ್ನೂ ಅವರು ಮುಗಿಸಿದರು. ನಾನು ಮೈದಾ ಅಂಟು ಕಲಸಿ ಕೊಟ್ಟೆ. ಮದುವೆಯ ದಿನ ಅವರು ಮಂಟಪದ ಹತ್ತಿರ ಬರಲಿಲ್ಲ. ಆದರೆ ಅಲ್ಲಿಗೆ ಬಂದ ನೆಂಟರೆಲ್ಲರನ್ನೂ ಕರೆದು ತಂದ ಲಕೋಟೆಯೊಳಗೆ ಅವರ ಕೈಯಿತ್ತು. ಈ ಮಾತನ್ನು ಆಗ ಯಾರೂ ಆಡಲಿಲ್ಲ. ನನಗೂ ಅದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಮುಂದೆ ನಾನು ಶಾಲೆಗೆ ಸೇರಿದಾಗ ಈ ವಿದ್ಯೆ ಒದಗಿ ಬಂತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ವರದಿಯಿಂದ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಉದ್ದ ಹೆಸರಿನ ವಿಷಯ ಶಾಲೆಗಳಿಗೆ ಬಂತಷ್ಟೆ. ಆ ಪೀರಿಯಡ್ಡಿನಲ್ಲಿ ನಿಮ್ಮಲ್ಲಿ ಹಲವರು ನನ್ನಿಂದ ಲಕೋಟೆ ಮಾಡುವುದನ್ನು ಕಲಿತಿದ್ದೀರಿ. ಮರೆತವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ.

ಲಕೋಟೆಯ ಮುಚ್ಚಳವನ್ನು ಪೂರ್ತಿ ತೆರೆದು, ಒಂದು ರಟ್ಟಿನ ಮೇಲಿಟ್ಟು, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎಡಬಲಗಳಲ್ಲಿ ಗೆರೆಯಿಂದ 3 ಮಿಲಿಮೀಟರ್ ಒಳಕ್ಕೆ, ಮುಚ್ಚಳದ ಅಂಚಿನಲ್ಲಿ ಒಂದೂವರೆ ಸೆಂಟಿಮೀಟರ್ ಒಳಕ್ಕೆ ಸರಿದು ರಟ್ಟನ್ನು ಕತ್ತರಿಸಿರಿ. ಮುಚ್ಚಳದಲ್ಲಿ ಇಷ್ಟು ಬಿಡುವುದು ಏಕೆಂದರೆ ಅಲ್ಲಿರುವ ಗೋಂದಿನ ಪಟ್ಟಿ ಮುಚ್ಚಿಹೋದರೆ ಲಕೋಟೆ ಅಂಟುವುದಿಲ್ಲ. ಈ ರಟ್ಟು ಲಕೋಟೆಯೊಳಗೆ ಸಲೀಸಾಗಿ ತಳದವರೆಗೆ ಜಾರಬೇಕು. ತಡೆದರೆ ಇನ್ನೊಂದು ಕೂದಲೆಳೆಯಷ್ಟು ಕತ್ತರಿಸಿ. ಅಚ್ಚು ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ನೂರು ಲಕೋಟೆಗೂ ಅದೊಂದೇ ಸಾಕು.

ಇನ್ನು ಕಾಗದದ ಎಳೆಯ ವಿಷಯ. ಬಟ್ಟೆಗಿರುವಂತೆ ಯಂತ್ರದಲ್ಲಿ ಮಾಡಿದ ಕಾಗದಕ್ಕೂ ಎಳೆಯ ದಿಕ್ಕಿದೆ. ಹಾಳೆಯನ್ನು ಮೆಲ್ಲಗೆ ಉದ್ದಕ್ಕೂ ಅಡ್ಡಕ್ಕೂ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗುವುದೋ ಆ ಮಡಿಕೆಗೆ ಎಳೆ ಸಮಾನಾಂತರವಾಗಿರುತ್ತದೆ. ಮುಚ್ಚಳದ ಮಡಿಕೆ ಎಳೆಯ ದಿಕ್ಕಿನಲ್ಲೇ ಬರುವಂತೆ ಅಚ್ಚನ್ನಿಟ್ಟು ಕತ್ತರಿಸಿದರೆ ಮಡಿಕೆ ಬಿರಿಯದೆ ನೀಟಾಗಿ ಕೂರುತ್ತದೆ.

ಕತ್ತರಿಸಿದ ಅಸ್ತರನ್ನು ಲಕೋಟೆಯೊಳಗೆ ಸೇರಿಸಿ, ಅಂಟು ಹಚ್ಚುವ ಮೊದಲೇ ಒಮ್ಮೆ ಮುಚ್ಚಳವನ್ನು ಮುಚ್ಚಿ ಉಗುರಿನಿಂದ ಮಡಿಕೆ ಒತ್ತಿ. ಅನಂತರ ತೆರೆದು, ಮುಚ್ಚಳದ ಮೇಲೆ ಬರುವ ಭಾಗದ ಮೇಲಂಚಿಗೆ ಮಾತ್ರ ತೆಳುವಾಗಿ ಅಂಟು ಹಚ್ಚಿ. ಕೆಳಗಿನ ಭಾಗ ಅಂಟದೆ ಸಡಿಲವಾಗಿಯೇ ಇರಬೇಕು. ಪೂರ್ತಿ ಅಂಟಿಸಿದರೆ ಮುಚ್ಚುವಾಗ ಒಳಗಿನ ಪದರಕ್ಕೆ ಸರಿಯಲು ಜಾಗವಿಲ್ಲದೆ ಮಡಿಕೆಯಲ್ಲಿ ಸುಕ್ಕು ಬೀಳುತ್ತದೆ. ಅಂಟು ನೀರಾಗಿದ್ದರೂ ಸುಕ್ಕೇ: ತೇವ ಹೀರಿದ ಕಾಗದದ ನಾರು ಉಬ್ಬುತ್ತದೆ, ಅದೂ ಎಳೆಗೆ ಅಡ್ಡಲಾಗಿ ಹೆಚ್ಚು. ಕೋಲಿನಂಥ ಒಣ ಅಂಟು ಈಗ ಎಲ್ಲ ಸ್ಟೇಷನರಿ ಅಂಗಡಿಗಳಲ್ಲೂ ಸಿಗುತ್ತದೆ, ಅದೇ ಉತ್ತಮ. ಮನೆಯ ಅಂಟೇ ಬೇಕೆಂದರೆ ಒಂದು ಚಮಚ ಮೈದಾವನ್ನು ಐದಾರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಟ್ಟಿಯಾಗಿ ಹೊಳಪು ಬಂದಾಗ ಇಳಿಸಿ. ಪುಸ್ತಕ ಕಟ್ಟುವವರು ಇದಕ್ಕೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ತೂಕದ ಲೆಕ್ಕವನ್ನೂ ಹೇಳಬೇಕು, ಇಲ್ಲದಿದ್ದರೆ ಗಣಿತದ ಟೀಚರ್ ಏಕಾದೆ! ಕಾಗದದ ಹೊದಿಕೆಯ ಮೇಲೆ 80 ಜಿಎಸ್‌ಎಂ ಎಂದಿದ್ದರೆ ಒಂದು ಚದರ ಮೀಟರಿಗೆ 80 ಗ್ರಾಂ ಎಂದರ್ಥ. 17 ಸೆಂಟಿಮೀಟರ್ ಉದ್ದಗಲದ ಅಸ್ತರು ಚದರ ಮೀಟರಿನ 0.0289 ಭಾಗ, ಅಂದರೆ ಅದರ ತೂಕ ಸುಮಾರು 2.3 ಗ್ರಾಂ. ದಪ್ಪ ಆಮಂತ್ರಣದ ಜೊತೆ ಇಷ್ಟೇ ಸೇರಿ ಅಂಚೆಯ ತೂಕದ ಮಿತಿ ದಾಟಿದರೆ ಪ್ರತಿ ಲಕೋಟೆಗೂ ಹೆಚ್ಚಿನ ಅಂಚೆಚೀಟಿ ಬೇಕಾಗುತ್ತದೆ. ಮೊದಲ ಲಕೋಟೆಯನ್ನು ಪೂರ್ತಿ ಸಿದ್ಧಮಾಡಿ ಅಂಚೆ ಕಚೇರಿಯಲ್ಲಿ ತೂಗಿಸಿದ ಮೇಲೆಯೇ ಉಳಿದವುಗಳಿಗೆ ಕೈಹಾಕುವುದು ಜಾಣತನ.

ಯಾವ ಕಾಗದ ಬಳಸಬಹುದು? ಗಾಳಿಪಟದ ಕಾಗದ, ಉಡುಗೊರೆ ಸುತ್ತುವ ಕಾಗದ, ಹಳೆಯ ಕ್ಯಾಲೆಂಡರಿನ ಚಿತ್ರ, ಮಕ್ಕಳು ಬಿಡಿಸಿದ ಚಿತ್ರ, ಎಲ್ಲವೂ ಆಗುತ್ತದೆ. ಸೀರೆಯ ಜರಿಯಂಚು ಚೆಂದವೆಂದು ಬಟ್ಟೆಯನ್ನೇ ಅಂಟಿಸಲು ಹೋಗಬೇಡಿ. ಅಂಚು ಎಳೆ ಬಿಡುತ್ತದೆ, ಮಡಿಕೆ ದಪ್ಪವಾಗುತ್ತದೆ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹಿಡಿಸುವ ಅಮೃತಶಿಲೆಯಂಥ ವಿನ್ಯಾಸ ಇದಕ್ಕೆ ಬಹಳ ಒಪ್ಪುತ್ತದೆ. ತುರ್ಕಿಯವರು ಎಬ್ರು ಎನ್ನುವ ಈ ಕಲೆ 2014ರಲ್ಲಿ ಯುನೆಸ್ಕೋದ ಪಟ್ಟಿ ಸೇರಿತು. ನಮ್ಮ ನಾಡಿಗೂ ಇದು ಹೊಸದಲ್ಲ. ಆದಿಲ್‌ಶಾಹಿ ಕಾಲದ ಬಿಜಾಪುರದ ಕಲಾವಿದರು ಈ ಬಣ್ಣದಲೆಯ ಕಾಗದವನ್ನು ಚಿತ್ರಗಳಿಗೆ ಬಳಸಿದರು. ಎಲುಬು ಕಾಣುವಷ್ಟು ಸೊರಗಿದ ಕುದುರೆ ಮತ್ತು ಅದರ ಸವಾರನ ಅಂಥದೊಂದು ಚಿತ್ರ, 1625ರ ಸುಮಾರಿನದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಯಲ್ಲಿ ನಾವು ಅಗಲವಾದ ತಟ್ಟೆಯ ನೀರಿನಲ್ಲಿ ಎಣ್ಣೆಬಣ್ಣದ ನಾಲ್ಕು ಹನಿ ಬಿಟ್ಟು, ಕಡ್ಡಿಯಿಂದ ಕದಡಿ, ಹಾಳೆ ಹಾಸಿ ಎತ್ತುತ್ತಿದ್ದುದು ನಿಮಗೆ ನೆನಪಿರಬಹುದು. ಆಗ ನಿಮ್ಮ ಸಮವಸ್ತ್ರಕ್ಕೆ ಹತ್ತಿದ ಕಲೆಗಳನ್ನು ನಿಮ್ಮ ತಾಯಂದಿರು ಮರೆತಿರಲಾರರು.

ಮೊಮ್ಮಗಳ ಮದುವೆಗೆ ನಾನು ಆರಿಸಿಕೊಂಡದ್ದು ಚುಕ್ಕಿ ರಂಗೋಲಿ. ಹದಿನೈದು ಬಗೆಯವನ್ನು ಬಿಳಿಯ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬರೆದೆ. ಮೊಮ್ಮಗಳು ಅವನ್ನು ಹಳದಿ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ತಂದಳು. ಜೆರಾಕ್ಸಿನ ಕಪ್ಪು ಪುಡಿ ತೇವಕ್ಕೆ ಕದಡುವುದಿಲ್ಲ, ಶಾಯಿ ಚಿಮ್ಮುವ ಪ್ರಿಂಟರಿನ ಬಣ್ಣವಾದರೆ ಹರಡೀತು. ಎ4 ಹಾಳೆಗೆ ಒಂದರಂತೆ ನೂರಿಪ್ಪತ್ತು ಅಸ್ತರುಗಳು. ಉಳಿದ ತುಂಡುಗಳಿಂದ ಪಕ್ಕದ ಮನೆಯ ಮಕ್ಕಳು ಪುಸ್ತಕದೊಳಗೆ ಇಡುವ ಗುರುತುಪಟ್ಟಿ ಮಾಡಿಕೊಂಡರು. ದಿನಕ್ಕೆ ಹದಿನೈದರಂತೆ ಎಂಟು ದಿನಗಳ ಕೆಲಸ. ಎಪ್ಪತ್ತೈದರ ಬೆರಳುಗಳಿಗೆ ಅದು ಅತಿಯೇನಾಗಲಿಲ್ಲ.

ಒಂಬತ್ತನೆಯ ದಿನ ಅರಿಶಿನ ಹಚ್ಚುವ ಕಾರ್ಯ. ನಿಮಗೆ ತಿಳಿದಿರುವಂತೆ ನಮ್ಮ ಯಜಮಾನರು 2016ರಲ್ಲಿ ಹೋದರು. ಅಂದು ಸಂಬಂಧದಲ್ಲಿ ನನಗಿಂತ ಹಿರಿಯರಾದ ಒಬ್ಬರು ಮುತ್ತೈದೆಯರನ್ನು ಕರೆತಂದಿದ್ದರು. ಬಟ್ಟಲು ಬಂತು, ಚಾಪೆ ಬಂತು. ನಾನು ಕಾಫಿ ಮಾಡುತ್ತೇನೆಂದು ಎದ್ದೆ. ಯಾರೂ ಎದ್ದು ಹೋಗೆನ್ನಲಿಲ್ಲ. ಎದ್ದ ಮೇಲೆಯೇ ನನಗೆ ದೊಡ್ಡತ್ತೆಯ ಅಡಿಗೆಮನೆಯ ಕೆಲಸಗಳು ಎಂಥವೆಂದು ಅರ್ಥವಾದದ್ದು. ನಲವತ್ತು ವರ್ಷ ಪಾಠ ಹೇಳಿದ, ಪಿಂಚಣಿ ಪಡೆಯುವ, ಬ್ಯಾಂಕಿನಲ್ಲಿ ಸ್ವಂತ ಖಾತೆಯಿರುವ ಹೆಂಗಸಿನ ಕಾಲುಗಳು ಕೂಡ ತಾವಾಗಿಯೇ ಅತ್ತ ನಡೆದಿದ್ದವು.

ಮೊಮ್ಮಗಳು ಬಟ್ಟಲನ್ನೇ ಎತ್ತಿಕೊಂಡು ನನ್ನ ಹಿಂದೆ ಬಂದಳು. "ಅಜ್ಜಿ, ಒಳಗೆಲ್ಲ ನಿನ್ನ ಕೈಯೇ ಓಡಾಡಿದೆ. ಮೂಲೆಗೆ ಮಾತ್ರ ಬೇಡ್ವಾ?" ಎಂದಳು. ಅದರಲ್ಲಿ ವಾದವಿರಲಿಲ್ಲ, ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಒಲೆ ಆರಿಸಿ, ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕುಳಿತೆ. ಮನೆದೇವರಿಗೆ ಹೋಗುವ ಮೊದಲ ಪತ್ರಿಕೆಯ ಎರಡು ಮೂಲೆಗೆ ನಾನು ಅರಿಶಿನ ಹಚ್ಚಿದೆ, ಉಳಿದೆರಡು ಮೂಲೆಗೆ ಬೀಗಿತ್ತಿ ಹಚ್ಚಿದರು. ಹಿರಿಯರಾದವರು ಏನೂ ಹೇಳಲಿಲ್ಲ. ತಮ್ಮ ಕಡೆಯವರಿಗೆ ಹಂಚಬೇಕಾದ ಹನ್ನೆರಡು ಪತ್ರಿಕೆಗಳನ್ನು ಅರಿಶಿನ ಹಚ್ಚದೆಯೇ ಎತ್ತಿಕೊಂಡು ಹೋಗಿ, ತಮ್ಮ ಮನೆಯಲ್ಲಿ ಹಚ್ಚಿಕೊಂಡರು. ಅವರು ಈ ಬರಹವನ್ನು ಓದುವವರೇ. ಓದಲಿ. ನನಗೆ ಅವರ ಮೇಲೆ ಕೋಪವಿಲ್ಲ. ಆ ಹನ್ನೆರಡರ ಒಳಗೂ ನನ್ನ ರಂಗೋಲಿ ಹೋಗಿದೆಯೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದೆವು.

ಲಕೋಟೆಯ ಅಸ್ತರನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಒಬ್ಬ ಹೆಂಗಸಿಗೆ ಸಿಗುವ ಜಾಗ ಅದೊಂದೇ ಆಗಬಾರದು. ದೊಡ್ಡತ್ತೆಗೆ ಹೊರಗಿನ ಮೂಲೆಗಳನ್ನು ಕೊಟ್ಟಿದ್ದರೂ ಅವರು ಆ ಎಂಟೆಸಳಿನ ಹೂವನ್ನು ಕತ್ತರಿಸುತ್ತಿದ್ದರು ಎಂದೇ ನನ್ನ ನಂಬಿಕೆ. ಕತ್ತರಿ ಹಿಡಿದಾಗ ಅವರ ಮುಖದಲ್ಲಿದ್ದ ಗೆಲುವನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ ನಿಮ್ಮಲ್ಲೊಂದು ಕೋರಿಕೆ, ಮುಖ್ಯವಾಗಿ ಬಂಧುಗಳಲ್ಲಿ. ದೊಡ್ಡತ್ತೆಯ ಒಂದು ಲಕೋಟೆಯೂ ನಮ್ಮ ಮನೆಯಲ್ಲಿ ಉಳಿದಿಲ್ಲ. ತಮ್ಮ ಮನೆಯ ಲಗ್ನಪತ್ರಿಕೆಯನ್ನು ಯಾರೂ ತಮಗೇ ಕಳುಹಿಸಿಕೊಳ್ಳುವುದಿಲ್ಲವಲ್ಲ. ಮಿಕ್ಕಿದ್ದ ನಾಲ್ಕಾರು ಲಕೋಟೆಗಳು ಅಕ್ಕನ ಪೆಟ್ಟಿಗೆಯಲ್ಲಿದ್ದವು. ಮೈದಾ ಅಂಟಿನ ಆಸೆಗೆ ಗೆದ್ದಲು ಬಂದು ಅವನ್ನು ತಿಂದುಹಾಕಿತು. ಆದರೆ ನೂರೈವತ್ತು ಹೊರಗೆ ಹೋಗಿವೆ. ಹಳೆಯ ಟ್ರಂಕಿನಲ್ಲಿಯೋ, ಅಟ್ಟದ ಮೇಲಿನ ಕಡತದಲ್ಲಿಯೋ 1966ರ ಕೆನೆ ಬಣ್ಣದ ಲಕೋಟೆಯೊಂದು ನಿಮಗೆ ಸಿಕ್ಕೀತು. ಹೊರಗಿನ ವಿಳಾಸ ನನ್ನ ತಂದೆಯ ಗುಂಡು ಅಕ್ಷರದಲ್ಲಿರುತ್ತದೆ. ಮುಚ್ಚಳವನ್ನು ಮೆಲ್ಲಗೆ ಹೊರಕ್ಕೆಳೆದು ನೋಡಿ. ನೇರಳೆ ಬಣ್ಣ ಈಗ ಮಾಸಿರಬಹುದು, ಹೂವಿನ ಎಸಳು ಎಂಟಿವೆಯೇ ಎಂದು ಎಣಿಸಿ. ಇದ್ದರೆ ನನಗೆ ತಿಳಿಸಿ. ಮರಳಿಸುವುದು ಬೇಡ, ಅದು ನಿಮ್ಮ ಮನೆಗೆ ಕಳುಹಿಸಿದ್ದು. ಒಂದು ಫೋಟೋ ಸಾಕು.